ನೇತ್ರಾಣಿ ದ್ವೀಪ: ಪಕ್ಷಿ ವೀಕ್ಷಣೆಯ ದಾಖಲೆಗಳು ಮತ್ತು ಕಡಲ ಹದ್ದಿನ ಗೂಡುಕಾಲ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಕಡಿದಾದ ಬಂಡೆಗಳಿಂದ ಸುತ್ತುವರಿದ, ನೆತ್ತಿಯಲ್ಲಿ ಮರಗಿಡಗಳುಳ್ಳ ಈ ಜನವಸತಿಯಿಲ್ಲದ ದ್ವೀಪವು ಇತ್ತೀಚಿನ ವರ್ಷಗಳಲ್ಲಿ ಸ್ಕೂಬಾ ಡೈವಿಂಗ್‌ನಿಂದಾಗಿ ನಾಡಿನಾದ್ಯಂತ ಹೆಸರು ಪಡೆದಿದೆ. ನೀರಿನಡಿಯ ಹವಳ ಮತ್ತು ಬಣ್ಣದ ಮೀನುಗಳನ್ನು ನೋಡಲು ಬರುವವರ ಜೊತೆಯಲ್ಲಿ ದುರ್ಬೀನು, ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿಯೇ ಬರುವವರೂ ಹೆಚ್ಚಿದ್ದಾರೆ. ಇದರ ಫಲವಾಗಿ, ಹಿಂದೆ ಅಪರೂಪಕ್ಕೊಮ್ಮೆ ಯಾರೋ ಬರೆದಿಟ್ಟ ಟಿಪ್ಪಣಿಗಳಿಗಷ್ಟೇ ಸೀಮಿತವಾಗಿದ್ದ ದ್ವೀಪದ ಪಕ್ಷಿ ಮಾಹಿತಿಯು ಈಗ ಋತುವಿನಿಂದ ಋತುವಿಗೆ ಬೆಳೆಯುತ್ತಿದೆ.

ಈ ಬೆಳವಣಿಗೆ ಸ್ವಾಗತಾರ್ಹವಾದುದು. ಆದರೆ ಇದರೊಳಗೆ ಗಮನಿಸಬೇಕಾದ ತೊಡಕೊಂದಿದೆ. ದ್ವೀಪದ ಹಕ್ಕಿಗಳ ಬಗೆಗಿನ ಮಾಹಿತಿಯು ಹಕ್ಕಿಗಳ ಋತುಮಾನವನ್ನು ಅನುಸರಿಸದೆ ದೋಣಿಗಳ ಋತುಮಾನವನ್ನು ಅನುಸರಿಸುತ್ತದೆ. ದೋಣಿ ಹೋಗಬಲ್ಲ ತಿಂಗಳುಗಳಲ್ಲಿ ದಾಖಲೆಗಳು ದಟ್ಟವಾಗಿರುತ್ತವೆ. ದೋಣಿ ನಿಂತ ತಿಂಗಳುಗಳಲ್ಲಿ ಪುಟ ಬಹುತೇಕ ಖಾಲಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ದ್ವೀಪದ ಅತ್ಯಂತ ಮಹತ್ವದ ಹಕ್ಕಿಯಾದ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟಿ ಮರಿ ಬೆಳೆಸುವ ಕಾಲವೂ, ಜನರು ದ್ವೀಪದತ್ತ ಬರುವ ಕಾಲವೂ ಒಂದೇ ಆಗಿವೆ.

ಹಳೆಯ ದಾಖಲೆಗಳು

ನೇತ್ರಾಣಿಯನ್ನು ಬ್ರಿಟಿಷರ ಕಾಲದ ನಕ್ಷೆಗಳಲ್ಲಿ ಪಿಜನ್ ಐಲೆಂಡ್, ಅಂದರೆ ಪಾರಿವಾಳ ದ್ವೀಪ ಎಂದು ಗುರುತಿಸಲಾಗಿದೆ. ಬಂಡೆಗಳ ಸಂದುಗಳಲ್ಲಿ ನೆಲೆಸಿದ ಕಾಡು ಪಾರಿವಾಳಗಳೇ ಈ ಹೆಸರಿಗೆ ಕಾರಣ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞರಿಗೆ ಈ ದ್ವೀಪ ಅಪರಿಚಿತವಾಗಿರಲಿಲ್ಲ. 1862 ರಿಂದ 1864 ರ ಅವಧಿಯಲ್ಲಿ ಭಾರತದ ಪಕ್ಷಿಗಳ ಕುರಿತು ಸಂಪುಟಗಳನ್ನು ಹೊರತಂದ ಟಿ.ಸಿ. ಜೆರ್ಡಾನ್ ಅವರು, ಪಶ್ಚಿಮ ಕರಾವಳಿಯಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಬಾನಾಡಿಗಳು ಗೂಡು ಕಟ್ಟುವ ತಾಣಗಳಲ್ಲಿ ಒಂದಾಗಿ ಇದನ್ನು ಹೆಸರಿಸಿದ್ದಾರೆ. ಮುಂದೆ 1885 ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಅಲನ್ ಆಕ್ಟೇವಿಯನ್ ಹ್ಯೂಮ್ ಅವರು 1875 ರಲ್ಲಿ ಲಕ್ಷದ್ವೀಪ ಹಾಗೂ ಪಶ್ಚಿಮ ಕರಾವಳಿಯ ಸಮುದ್ರಯಾನ ಕೈಗೊಂಡಾಗ ಈ ದ್ವೀಪಕ್ಕೆ ಭೇಟಿ ನೀಡಿ, ಮರುವರ್ಷ ತಮ್ಮ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಯಾನದ ವಿವರಗಳನ್ನು ಪ್ರಕಟಿಸಿದರು. ರಾಜಕೀಯ ಇತಿಹಾಸದ ಓದುಗರಿಗೆ ಮಾತ್ರ ಪರಿಚಿತರಾದ ಹ್ಯೂಮ್ ಅವರು ತಮ್ಮ ಕಾಲದಲ್ಲಿ ದೇಶದ ಅಗ್ರಮಾನ್ಯ ಪಕ್ಷಿ ಸಂಗ್ರಾಹಕರಾಗಿದ್ದರೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಜೆರ್ಡಾನ್ ಅವರು ಹೆಸರಿಸಿದ ಬಾನಾಡಿಯ ಸಂಗತಿ ಇಂದಿಗೂ ಪ್ರಸ್ತುತವಾಗಿದೆ. ಗುಬ್ಬಿಗಿಂತ ಚಿಕ್ಕದಾದ, ಕಂದು ಬಣ್ಣದ ಈ ಹಕ್ಕಿ ಕಡಲಂಚಿನ ಕತ್ತಲ ಗುಹೆಗಳಲ್ಲಿ ತನ್ನ ಜೊಲ್ಲಿನಿಂದ ಪಾಚಿ, ಹುಲ್ಲು ಹಾಗೂ ಪುಕ್ಕಗಳನ್ನು ಅಂಟಿಸಿ ಬಂಡೆಯ ಮೈಗೆ ಗೂಡು ಕಟ್ಟುತ್ತದೆ. ಕಣ್ಣು ಕಾಣದ ಕತ್ತಲೆಯಲ್ಲಿ ಬಾವಲಿಯಂತೆ ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುತ್ತದೆ. ಜೊಲ್ಲಿನ ಗೂಡುಗಳಿಗೆ ಪೂರ್ವ ಏಷ್ಯಾದ ಮಾರುಕಟ್ಟೆಯಲ್ಲಿ ಬಹಳ ಬೆಲೆಯಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ವೆಂಗುರ್ಲಾ ಬಂಡೆಗಳಲ್ಲಿ ಈ ಗೂಡುಗಳನ್ನು ಕದ್ದು ಸಾಗಿಸುತ್ತಿದ್ದ ಜಾಲ 2000 ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದಿತು. ನೇತ್ರಾಣಿ ದೂರದಲ್ಲಿದೆ, ಹತ್ತುವುದು ಕಷ್ಟ ಎಂಬ ಕಾರಣದಿಂದ ನಿಶ್ಚಿಂತರಾಗಿರುವಂತಿಲ್ಲ. ವೆಂಗುರ್ಲಾ ಬಂಡೆಗಳೂ ಸಮುದ್ರದ ನಡುವೆಯೇ ಇವೆ.

ದೋಣಿಯ ಕಾಲ ಮತ್ತು ಹಕ್ಕಿಯ ಕಾಲ

ಪ್ರತಿ ವರ್ಷ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಕಾಲ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಪ್ರವಾಸಿ ದೋಣಿಗಳ ಸಂಚಾರವು ಇನ್ನೂ ದೀರ್ಘ ಕಾಲ ನಿಲ್ಲುತ್ತದೆ. ಮೇ ತಿಂಗಳ ಕೊನೆಯ ಭಾಗದಲ್ಲಿ ಕಡಲು ಏರತೊಡಗಿದರೆ ಮತ್ತೆ ಶಾಂತವಾಗುವುದು ಸೆಪ್ಟೆಂಬರ್ ಕಳೆದ ಮೇಲೆಯೇ. ಹೀಗಾಗಿ ನೇತ್ರಾಣಿಯ ಪಕ್ಷಿ ದಾಖಲೆಗಳಲ್ಲಿ ಹೆಚ್ಚಿನವು ಅಕ್ಟೋಬರ್‌ನಿಂದ ಮೇ ವರೆಗಿನವು.

ಈ ತಿಂಗಳುಗಳಲ್ಲಿ ದ್ವೀಪದತ್ತ ಸಾಗುವ ವೀಕ್ಷಕರು ದಾರಿಯಲ್ಲಿಯೇ ಅನೇಕ ಹಕ್ಕಿಗಳನ್ನು ಕಾಣುತ್ತಾರೆ. ದಡಕ್ಕೆ ಹತ್ತಿರದಲ್ಲಿ ಗರುಡ, ಹದ್ದು ಮತ್ತು ಚಳಿಗಾಲದ ಅತಿಥಿಗಳಾದ ಕಡಲಕ್ಕಿಗಳು ಮೀನುಗಾರಿಕಾ ದೋಣಿಗಳನ್ನು ಹಿಂಬಾಲಿಸುತ್ತಿರುತ್ತವೆ. ಮುಂದೆ ಹೋದಂತೆ ಟರ್ನ್ ಎಂದು ಕರೆಯಲಾಗುವ ರೀವ ಹಕ್ಕಿಗಳ ಹಿಂಡುಗಳು ಸಿಗುತ್ತವೆ. ಅವು ಹಿಡಿದ ಮೀನನ್ನು ಗಾಳಿಯಲ್ಲಿಯೇ ಕಸಿಯುವ ಸ್ಕುವಾ ಜಾತಿಯ ಹಕ್ಕಿಗಳೂ ಚಳಿಗಾಲದಲ್ಲಿ ಕಂಡುಬರುತ್ತವೆ. ಉತ್ತರ ಧ್ರುವದ ಸಮೀಪದ ಜೌಗು ನೆಲದಲ್ಲಿ ಮರಿ ಮಾಡಿ, ಚಳಿಗಾಲವನ್ನು ಅರಬ್ಬೀ ಸಮುದ್ರದ ನೀರಿನ ಮೇಲೆಯೇ ತೇಲುತ್ತಾ ಕಳೆಯುವ ಕೆಂಗೊರಳಿನ ಫಲರೋಪ್ ಹಕ್ಕಿಗಳ ಗುಂಪುಗಳು ತೆರೆದ ಕಡಲಿನಲ್ಲಿ ಕಾಣಸಿಗುತ್ತವೆ. ಕಳೆದ ಒಂದೂವರೆ ದಶಕದಲ್ಲಿ ಕರ್ನಾಟಕದ ಬಂದರುಗಳಿಂದ ಮೀನುಗಾರರ ನೆರವಿನೊಂದಿಗೆ ಆಳ ಸಮುದ್ರದ ಪಕ್ಷಿ ಸಮೀಕ್ಷೆಗೆ ಹೊರಟ ಹವ್ಯಾಸಿಗಳಿಂದಾಗಿ ಇಂತಹ ಮಾಹಿತಿ ಲಭ್ಯವಾಗಿದೆ.

ಆದರೆ ಅರಬ್ಬೀ ಸಮುದ್ರದ ಪಕ್ಷಿ ಜೀವನದ ದೊಡ್ಡ ಚಲನೆ ಮಳೆಗಾಲದಲ್ಲಿಯೂ ನಡೆಯುತ್ತಿರುತ್ತದೆ. ಅಂಟಾರ್ಕ್ಟಿಕ ಪ್ರದೇಶದಲ್ಲಿ ಮರಿ ಮಾಡುವ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಹಕ್ಕಿಯು ಅಲ್ಲಿನ ಚಳಿಗಾಲವನ್ನು ತಪ್ಪಿಸಿಕೊಂಡು ಈ ಕಡೆಗೆ ಬರುವುದು ನಮ್ಮ ಮುಂಗಾರಿನ ಆಸುಪಾಸಿನಲ್ಲಿಯೇ. ವೆಂಗುರ್ಲಾ ಬಂಡೆಗಳಲ್ಲಿ ಬ್ರೈಡಲ್ಡ್ ಟರ್ನ್ ಎಂಬ ರೀವಗಳು ಮೊಟ್ಟೆಯಿಡುವುದೂ ಮಳೆಗಾಲದಲ್ಲಿ. ಆಗ ನೇತ್ರಾಣಿಯ ಸುತ್ತ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ವಿರಳ. ಆ ಕಾಲದ ಮಾಹಿತಿ ದೊರೆಯುವುದು ದಡದ ಮೇಲೆ. ಬಿರುಗಾಳಿಗೆ ಸಿಕ್ಕಿ ಬಸವಳಿದ ಮಾಸ್ಕ್ಡ್ ಬೂಬಿ, ಕಪ್ಪು ಬೆನ್ನಿನ ಸೂಟಿ ಟರ್ನ್ ಮೊದಲಾದ ಹಕ್ಕಿಗಳು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಮರಳ ತೀರಕ್ಕೆ ಬಂದು ಬೀಳುವುದುಂಟು. ಮೇ 2021 ರ ತೌಕ್ತೆ, ಜೂನ್ 2023 ರ ಬಿಪರ್‌ಜಾಯ್ ಮುಂತಾದ ಚಂಡಮಾರುತಗಳ ಸಂದರ್ಭದಲ್ಲಿ ವೀಕ್ಷಕರು ಕಡಲತೀರಗಳತ್ತ ವಿಶೇಷ ಗಮನ ಹರಿಸುವುದು ಇದೇ ಕಾರಣಕ್ಕೆ.

ದೂರದಿಂದ, ತೂಗುವ ದೋಣಿಯಲ್ಲಿ ನಿಂತು ನೋಡಿದ ಹಕ್ಕಿಯ ಗುರುತು ಹಿಡಿಯುವುದು ಸುಲಭವಲ್ಲ. 2013 ರಲ್ಲಿ ಜೆ. ಪ್ರವೀಣ್, ರಾಜಾ ಜಯಪಾಲ್ ಮತ್ತು ಆಶಿಷ್ ಪಿಟ್ಟಿ ಅವರು 'ಇಂಡಿಯನ್ ಬರ್ಡ್ಸ್' ಪತ್ರಿಕೆಯಲ್ಲಿ ದೇಶದ ಅಪರೂಪದ ಕಡಲ ಹಕ್ಕಿಗಳ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಾಕಷ್ಟು ಆಧಾರವಿಲ್ಲದವುಗಳನ್ನು ಬದಿಗಿರಿಸಿದರು. ಹೆಸರು ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಹಕ್ಕಿ ಬಂದಿತ್ತೆಂದು ಅರ್ಥವಲ್ಲ ಎಂಬುದನ್ನು ಆ ಪರಿಶೀಲನೆಯು ತೋರಿಸಿಕೊಟ್ಟಿತು. ಛಾಯಾಚಿತ್ರ ಮಸುಕಾಗಿದ್ದರೂ ಚಿಂತೆಯಿಲ್ಲ. ಅದು ಇರುವುದು ಮುಖ್ಯ.

ಕಡಲ ಹದ್ದಿನ ನೆಲೆ

ಬಿಳಿಹೊಟ್ಟೆಯ ಕಡಲ ಹದ್ದು ಎರಡು ಮೀಟರಿನಷ್ಟು ರೆಕ್ಕೆಯಗಲದ ದೊಡ್ಡ ಹಕ್ಕಿ. ಬೂದು ಬೆನ್ನು, ಶುಭ್ರ ಬಿಳಿಯ ತಲೆ ಮತ್ತು ಹೊಟ್ಟೆ, ಬೆಣೆಯಾಕಾರದ ಗಿಡ್ಡ ಬಾಲ ಇದರ ಗುರುತುಗಳು. ಮೀನು ಹಾಗೂ ಕಡಲ ಹಾವು ಇದರ ಮುಖ್ಯ ಆಹಾರ. ಸಾಮಾನ್ಯವಾಗಿ ಒಂದು ಜೋಡಿಯ ಗೂಡಿಗೂ ಇನ್ನೊಂದು ಜೋಡಿಯ ಗೂಡಿಗೂ ಸಾಕಷ್ಟು ಅಂತರವಿರುತ್ತದೆ. ತನ್ನ ಎಲ್ಲೆಯೊಳಗೆ ಮತ್ತೊಂದನ್ನು ಸಹಿಸುವ ಹಕ್ಕಿ ಇದಲ್ಲ. ನೇತ್ರಾಣಿಯ ವೈಶಿಷ್ಟ್ಯವಿರುವುದೇ ಇಲ್ಲಿ. ಈ ಸಣ್ಣ ದ್ವೀಪದ ಮರಗಳಲ್ಲಿ ಹಲವು ಜೋಡಿಗಳು ಒಂದಕ್ಕೊಂದು ಸಮೀಪದಲ್ಲಿಯೇ ಗೂಡು ಕಟ್ಟುತ್ತಾ ಬಂದಿವೆ. ದಡದ ಮೇಲೆ ಎತ್ತರದ ಮರಗಳು ಕಡಿಮೆಯಾಗಿ, ಉಳಿದ ಮರಗಳ ಬುಡದಲ್ಲಿ ಮನೆ, ರಸ್ತೆ, ಅಂಗಡಿಗಳು ಬಂದಿರುವಾಗ, ಜನರ ಕಾಟವಿಲ್ಲದ ಹಾಗೂ ಸುತ್ತಲೂ ಆಹಾರವುಳ್ಳ ದ್ವೀಪವು ಈ ಹಕ್ಕಿಗೆ ನೆರೆಯವರನ್ನು ಸಹಿಸಿಯಾದರೂ ಇರಬೇಕೆನ್ನಿಸುವಷ್ಟು ಅಮೂಲ್ಯವಾಗಿದೆ ಎಂದು ಇದನ್ನು ಅರ್ಥೈಸಬಹುದು. ಹಾಗಿದ್ದಲ್ಲಿ ಈ ಒಂದು ದ್ವೀಪಕ್ಕೆ ಆಗುವ ತೊಂದರೆ ಒಂದೆರಡು ಗೂಡುಗಳ ನಷ್ಟವಾಗಿ ಮುಗಿಯುವುದಿಲ್ಲ. ಬದಲಿ ತಾಣ ಹುಡುಕಿಕೊಳ್ಳಲು ಈ ಜೋಡಿಗಳಿಗೆ ದಡದಲ್ಲಿ ಅವಕಾಶ ತೀರಾ ಕಡಿಮೆ.

ಪಶ್ಚಿಮ ಕರಾವಳಿಯಲ್ಲಿ ಕಡಲ ಹದ್ದು ಮಳೆ ಕಳೆದ ಮೇಲೆ, ಅಕ್ಟೋಬರ್ ಹೊತ್ತಿಗೆ ಹಳೆಯ ಗೂಡಿಗೆ ಹೊಸ ಕಡ್ಡಿಗಳನ್ನು ಸೇರಿಸತೊಡಗುತ್ತದೆ. ಒಂದೇ ಗೂಡನ್ನು ವರ್ಷವರ್ಷವೂ ಬಳಸುವುದರಿಂದ ಗೂಡು ಬೆಳೆಯುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆಗಳು. ಕಾವು ಕೊಡಲು ಸುಮಾರು ಆರು ವಾರಗಳು. ಮರಿ ಹಾರಲು ಇನ್ನೂ ಹತ್ತು ವಾರಗಳಿಗೂ ಹೆಚ್ಚು. ಅಂದರೆ ಮೊಟ್ಟೆಯಿಂದ ಹಾರಾಟದವರೆಗೆ ನಾಲ್ಕು ತಿಂಗಳು ಬೇಕು, ಮತ್ತು ಆ ನಾಲ್ಕು ತಿಂಗಳೂ ದಸರಾ ರಜೆ, ಕ್ರಿಸ್‌ಮಸ್ ರಜೆ, ಜನವರಿಯ ಸಾಲು ರಜೆಗಳ ನಡುವೆಯೇ ಬರುತ್ತವೆ. ಬಾನಾಡಿಗಳ ಗೂಡುಕಾಲ ಫೆಬ್ರವರಿ, ಮಾರ್ಚ್ ಹೊತ್ತಿಗೆ ಆರಂಭವಾಗಿ ಬೇಸಿಗೆ ರಜೆಯನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಡುವ ರೀವಗಳನ್ನು ಕಡಲೇ ಕಾಯುತ್ತದೆ. ಕಡಲ ಹದ್ದಿಗೆ ಆ ರಕ್ಷಣೆ ಇಲ್ಲ.

ದ್ವೀಪವನ್ನು ಹತ್ತದೆ, ನೀರಿನಲ್ಲಿ ಮುಳುಗಿ ಮರಳುವ ಪ್ರವಾಸಿಯಿಂದ ಹಕ್ಕಿಗೆ ಆಗುವ ತೊಂದರೆ ಕಡಿಮೆ ಎಂಬ ವಾದದಲ್ಲಿ ಸತ್ಯಾಂಶವಿದೆ. ದೋಣಿಯೊಂದು ದೂರದಲ್ಲಿ ಲಂಗರು ಹಾಕಿ ನಿಂತರೆ ಹಕ್ಕಿಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ತೊಂದರೆ ಶುರುವಾಗುವುದು ಒಳ್ಳೆಯ ಚಿತ್ರಕ್ಕಾಗಿ ಬಂಡೆಯ ಬುಡದವರೆಗೆ ದೋಣಿ ಒಯ್ದಾಗ, ಗುಹೆಯೊಳಗೆ ಟಾರ್ಚ್ ಬೆಳಕು ಬಿಟ್ಟಾಗ, ಗೂಡಿನ ಮಟ್ಟಕ್ಕೆ ಡ್ರೋನ್ ಹಾರಿಸಿದಾಗ. ಗೂಡಿನಿಂದ ಎದ್ದ ಹದ್ದು ಹತ್ತು ನಿಮಿಷ ಮರಳದಿದ್ದರೆ ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಇಲ್ಲವೇ ಕಾಗೆಯ ಕಣ್ಣಿಗೆ ಬೀಳುತ್ತದೆ. ಹದ್ದು ಗಟ್ಟಿಯಾಗಿ ಕೂಗುತ್ತಾ ದೋಣಿಯ ಮೇಲೆ ಸುತ್ತು ಹಾಕುತ್ತಿದ್ದರೆ ಅದು ಪ್ರವಾಸಿಗರಿಗೆ ನೀಡುವ ಪ್ರದರ್ಶನವೆಂದು ಭಾವಿಸಬಾರದು. ದೋಣಿ ಗೂಡಿಗೆ ಅತಿ ಸಮೀಪ ಬಂದಿದೆ ಎಂಬುದರ ಸೂಚನೆ ಅದು.

ಈ ಸಂಬಂಧ ಕಾನೂನಿನ ನಿಲುವು ಸ್ಪಷ್ಟವಾಗಿದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972 ರಲ್ಲಿ 'ಬೇಟೆ' ಎಂಬ ಪದಕ್ಕೆ ನೀಡಿರುವ ವ್ಯಾಖ್ಯೆಯೊಳಗೆ ಕಾಡು ಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದಷ್ಟೇ ಅಲ್ಲದೆ, ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕು ಹಿಡಿದವನನ್ನು ಮಾತ್ರ ಬೇಟೆಗಾರನೆಂದು ತಿಳಿಯುವ ರೂಢಿಯಿರುವುದರಿಂದ ಈ ಅಂಶವು ಸಾರ್ವಜನಿಕರಲ್ಲಿ ಹೆಚ್ಚು ಪ್ರಚಾರ ಪಡೆದಿಲ್ಲ. ಛಾಯಾಗ್ರಾಹಕರು ಮತ್ತು ದೋಣಿ ನಡೆಸುವವರು ಇದನ್ನು ತಿಳಿದಿರುವುದು ಅಗತ್ಯ.

ಹರಕೆಯ ಆಡು, ಫಿರಂಗಿಯ ಗುಂಡು

ದ್ವೀಪದ ಮೇಲೆ ಮನುಷ್ಯನ ಪ್ರಭಾವ ಹೊಸತೇನಲ್ಲ. ಕರಾವಳಿಯ ಮೀನುಗಾರರಿಗೆ ನೇತ್ರಾಣಿಯು ಶ್ರದ್ಧೆಯ ತಾಣವಾಗಿದ್ದು, ಹರಕೆಯಾಗಿ ಬಿಟ್ಟ ಆಡುಗಳು ಅಲ್ಲಿಯೇ ಕಾಡುಬಿದ್ದು ಬೆಳೆದಿವೆ. ನೌಕಾಪಡೆಯು ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ ಸಂಗತಿಯೂ ಪರಿಸರಾಸಕ್ತರ ಆಕ್ಷೇಪಕ್ಕೆ ಒಳಗಾಗಿ ಸಾರ್ವಜನಿಕ ಚರ್ಚೆಗೆ ಬಂದಿತ್ತು. ಗುಂಡಿನ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಆಡು ಮೇಯುವುದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ದೀರ್ಘಕಾಲದಲ್ಲಿ ಕಡಲ ಹದ್ದಿಗೆ ಹೆಚ್ಚು ಮುಖ್ಯವಾಗಬಹುದಾದುದು ಎರಡನೆಯದೇ. ಹದ್ದಿನ ಭಾರದ ಗೂಡನ್ನು ಹೊರಲು ಬಲಿತ ಮರ ಬೇಕು. ಆಡುಗಳು ಸಸಿಗಳನ್ನು ಮೇಯುತ್ತಾ ಹೋದರೆ ಇಂದಿನ ಮರ ಬಿದ್ದಾಗ ಆ ಜಾಗಕ್ಕೆ ಬರಬೇಕಾದ ಮರ ಇರುವುದಿಲ್ಲ. ಜಗತ್ತಿನ ಅನೇಕ ದ್ವೀಪಗಳಲ್ಲಿ ಇದು ಕಂಡುಬಂದಿದೆ. ಗ್ಯಾಲಪಗೋಸ್ ದ್ವೀಪಗಳಲ್ಲಿ 1997 ರಿಂದ 2006 ರವರೆಗೆ ಬೃಹತ್ ಯೋಜನೆಯನ್ನೇ ಕೈಗೊಂಡು ಆಡುಗಳನ್ನು ತೆರವುಗೊಳಿಸಬೇಕಾಯಿತು. ನೇತ್ರಾಣಿಯಲ್ಲಿ ನಂಬಿಕೆಯ ಪ್ರಶ್ನೆಯೂ ಇರುವುದರಿಂದ, ಮೀನುಗಾರ ಸಮುದಾಯದ ಒಪ್ಪಿಗೆಯಿಲ್ಲದೆ ಯಾವ ಕ್ರಮವೂ ಫಲ ನೀಡಲಾರದು. ಹರಕೆಯ ಪ್ರಾಣಿಯನ್ನು ದ್ವೀಪದಲ್ಲಿ ಬಿಡದೆ ಸಲ್ಲಿಸುವ ದಾರಿಯನ್ನು ಆ ಸಮುದಾಯದ ಹಿರಿಯರೇ ಸೂಚಿಸಬಲ್ಲರು.

ಹೋಲಿಕೆಗೆ, ಉಡುಪಿ ಜಿಲ್ಲೆಯ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳನ್ನು ನೋಡಬಹುದು. ಕಂಬಗಳಂತೆ ನಿಂತ ಲಾವಾ ಶಿಲೆಗಳಿಂದಾಗಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿರುವ ಈ ದ್ವೀಪಸಮೂಹದಲ್ಲಿ ಪ್ರವಾಸಿಗರು ನೇರವಾಗಿ ಇಳಿದು ಓಡಾಡುತ್ತಾರೆ. ಜನರು ಉಳಿಸಿದ ತಿಂಡಿ ಇರುವಲ್ಲಿ ಕಾಗೆ ಮತ್ತು ಹದ್ದುಗಳು ಸೇರುತ್ತವೆ. ಅವು ಸೇರಿದಲ್ಲಿ ನೆಲದ ಮೇಲೆ, ಬಂಡೆಯ ಮೇಲೆ ಮೊಟ್ಟೆಯಿಡುವ ಹಕ್ಕಿ ನಿಲ್ಲುವುದು ಕಷ್ಟ. ನೇತ್ರಾಣಿಯನ್ನು ಈವರೆಗೆ ಉಳಿಸಿರುವುದು ಅದರ ದೂರ ಮತ್ತು ಇಳಿಯಲು ದಡವಿಲ್ಲದಿರುವುದು. ಅಲ್ಲಿ ಇಳಿದಾಣ ಅಥವಾ ಮೆಟ್ಟಿಲುಗಳ ಬೇಡಿಕೆ ಎಂದಾದರೂ ಬಂದಲ್ಲಿ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕಾಗುತ್ತದೆ.

ಅಂಕಿಗಳನ್ನು ಓದುವ ಬಗೆ

ಹಕ್ಕಿಗಳ ದಾಖಲೆಗಳು ಈಗ ಬಹುಮಟ್ಟಿಗೆ ಅಂತರಜಾಲದಲ್ಲಿ ಸಂಗ್ರಹವಾಗುತ್ತಿವೆ. 2002 ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ-ಬರ್ಡ್ ವ್ಯವಸ್ಥೆಯನ್ನು ಭಾರತದ ವೀಕ್ಷಕರು ವ್ಯಾಪಕವಾಗಿ ಬಳಸುತ್ತಿದ್ದಾರೆ. 2023 ರ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿಯು ಸುಮಾರು 30,000 ವೀಕ್ಷಕರು ನೀಡಿದ 3 ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿತು. ದೀರ್ಘಕಾಲದ ಬದಲಾವಣೆ ಅಳೆಯಲು ಸಾಧ್ಯವಾದ 338 ಪ್ರಭೇದಗಳ ಪೈಕಿ 204 ಇಳಿಮುಖವಾಗಿವೆ ಎಂಬುದು ಅದರ ಪ್ರಮುಖ ನಿರ್ಣಯ. ಕೆರೆ, ಗದ್ದೆ, ಕಾಡಿನ ಹಕ್ಕಿಗಳಿಗೆ ಇಂತಹ ಲೆಕ್ಕ ಸಾಧ್ಯವಾಗುವುದು ಒಂದೇ ಸ್ಥಳಕ್ಕೆ ಜನ ಮತ್ತೆ ಮತ್ತೆ ಹೋಗುವುದರಿಂದ. ಅಳಿವೆಗಳಿಗೂ ಈ ಅನುಕೂಲವಿದೆ: 2024 ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ದಡದಿಂದಲೇ ಎಣಿಕೆ ನಡೆಸಬಹುದು. ದ್ವೀಪದ ಹಕ್ಕಿಗೆ ಈ ಸೌಲಭ್ಯವಿಲ್ಲ.

ಆದ್ದರಿಂದ ನೇತ್ರಾಣಿಯಲ್ಲಿ ಕಡಲ ಹದ್ದು ಹಿಂದಿಗಿಂತ ಹೆಚ್ಚು ಬಾರಿ ವರದಿಯಾಗುತ್ತಿದೆ ಎಂಬುದರಿಂದ ಹದ್ದುಗಳು ಹೆಚ್ಚಿವೆ ಎಂದು ತೀರ್ಮಾನಿಸಲಾಗದು. ಹೆಚ್ಚಿರುವುದು ದೋಣಿಗಳು. ಒಂದೇ ದಿನ ಮೂರು ದೋಣಿಗಳಿಂದ ಕಂಡ ಒಂದೇ ಹಕ್ಕಿ ಮೂರು ದಾಖಲೆಗಳಾಗುತ್ತದೆ. ಹದ್ದು ಕಾಣದ ದಿನ ಯಾರೂ ಏನೂ ಬರೆಯದಿದ್ದರೆ ಇಳಿಕೆಯೂ ಕಾಣುವುದಿಲ್ಲ. ಇಪ್ಪತ್ತು ವರ್ಷ ಬದುಕಬಲ್ಲ ಹಕ್ಕಿಯ ವಿಷಯದಲ್ಲಿ ಇದು ಅಪಾಯಕಾರಿ. ಸತತವಾಗಿ ಮರಿಗಳು ಹಾಳಾಗುತ್ತಿದ್ದರೂ ಹಳೆಯ ಜೋಡಿಗಳು ಆಕಾಶದಲ್ಲಿ ಹಾರುತ್ತಲೇ ಇರುತ್ತವೆ, ದ್ವೀಪವು ಕ್ಷೇಮವಾಗಿದೆಯೆಂಬ ಭಾವನೆ ಉಳಿಯುತ್ತದೆ. ಆ ಹಕ್ಕಿಗಳು ಮುಪ್ಪಾಗಿ ಸತ್ತ ಮೇಲಷ್ಟೇ ವಿಷಯ ತಿಳಿಯುತ್ತದೆ.

ಇದನ್ನು ಮೊದಲೇ ಅರಿಯಲು ದ್ವೀಪ ಹತ್ತಬೇಕಾಗಿಲ್ಲ, ಗೂಡಿನ ಬಳಿ ಹೋಗಬೇಕಾಗಿಯೂ ಇಲ್ಲ. ಆ ವರ್ಷ ಗೂಡು ಬಿಟ್ಟ ಎಳೆಯ ಹದ್ದಿನ ಮೈ ಕಂದು ಬಣ್ಣದ್ದಾಗಿರುತ್ತದೆ. ಪೂರ್ಣ ಬಿಳಿ ಮತ್ತು ಬೂದು ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ಮಾರ್ಚ್‌ನಿಂದ ಮೇ ವರೆಗೆ, ದೂರದಲ್ಲಿ ಲಂಗರು ಹಾಕಿದ ದೋಣಿಯಿಂದಲೇ, ಹಾರುತ್ತಿರುವ ಹದ್ದುಗಳಲ್ಲಿ ಬಿಳಿಯವೆಷ್ಟು, ಕಂದು ಬಣ್ಣದವೆಷ್ಟು ಎಂದು ಎಣಿಸಿದರೆ ಆ ಋತುವಿನಲ್ಲಿ ಮರಿಗಳು ಎಷ್ಟರ ಮಟ್ಟಿಗೆ ಉಳಿದವು ಎಂಬ ಅಂದಾಜು ದೊರೆಯುತ್ತದೆ. ಡೈವಿಂಗ್ ದೋಣಿಗಳು ಋತುವಿನಲ್ಲಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಹೋಗಿ ಗಂಟೆಗಟ್ಟಲೆ ನಿಲ್ಲುತ್ತವೆ. ವಿಜ್ಞಾನಿಗಳಿಗೆ ವರ್ಷಕ್ಕೊಮ್ಮೆ ಸಿಗುವ ಅವಕಾಶ ದೋಣಿಯ ಚಾಲಕನಿಗೆ ವಾರದಲ್ಲಿ ಹಲವು ಬಾರಿ ಸಿಗುತ್ತದೆ. ಈಗಿರುವ ಪ್ರವಾಸೋದ್ಯಮವನ್ನೇ ಗಣತಿಯ ಸಾಧನವಾಗಿ ಬಳಸಿಕೊಳ್ಳುವುದು ಹೊಸ ಸಮೀಕ್ಷೆಗಳಿಗೆ ಕಾಯುವುದಕ್ಕಿಂತ ಅಗ್ಗದ ಮತ್ತು ಬೇಗ ಫಲ ಕೊಡುವ ಮಾರ್ಗವಾಗಿದೆ.

ದ್ವೀಪದತ್ತ ತೆರಳುವ ವೀಕ್ಷಕರು ದಿನಾಂಕ, ಹೊರಟ ಮತ್ತು ಮರಳಿದ ಸಮಯ, ದೋಣಿ ನಿಂತ ಸ್ಥಳ, ಕಂಡ ಎಲ್ಲ ಹಕ್ಕಿಗಳು ಹಾಗೂ ಹದ್ದುಗಳ ವಯಸ್ಸಿನ ಬಣ್ಣವನ್ನು ಬರೆದಿಡುವುದು ಉಪಯುಕ್ತ. ಹದ್ದು ಕಾಣದಿದ್ದಲ್ಲಿ 'ಕಂಡಿಲ್ಲ' ಎಂದೇ ನಮೂದಿಸಬೇಕು. ಗೂಡಿನ ನಿಖರ ಸ್ಥಳ ತಿಳಿಯುವಂತಹ ಚಿತ್ರಗಳನ್ನು ಗೂಡುಕಾಲ ಮುಗಿಯುವ ಮುನ್ನ ಪ್ರಕಟಿಸದಿರುವುದು ಒಳಿತು. ಮಳೆಗಾಲದಲ್ಲಿ ಕಡಲತೀರದಲ್ಲಿ ಬಸವಳಿದ ಹಕ್ಕಿ ಕಂಡುಬಂದಲ್ಲಿ ಅದನ್ನು ಮರಳಿ ಅಲೆಗೆ ಎಸೆಯಬಾರದು, ಬಾಯಿಗೆ ನೀರು ಸುರಿಯಬಾರದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ನಾಯಿಗಳಿಂದ ದೂರವಾಗಿ, ನೆರಳಿನಲ್ಲಿರಿಸಿ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸತಕ್ಕದ್ದು. ಹಕ್ಕಿ ಸತ್ತಿದ್ದಲ್ಲಿ ಬರಿಗೈಯಿಂದ ಮುಟ್ಟದೆ, ಕೊಕ್ಕು, ರೆಕ್ಕೆ ಮತ್ತು ಕಾಲುಗಳು ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದು, ಸ್ಥಳ ಹಾಗೂ ದಿನಾಂಕದೊಂದಿಗೆ ಅದೇ ಕಚೇರಿಗೆ ಮಾಹಿತಿ ನೀಡಬಹುದು.